ಕೈಗೆ ಜಾಯ್‌ಸ್ಟಿಕ್ ಒಗ್ಗದಿದ್ದಾಗ: ವಿದ್ಯುತ್ ಗಾಲಿಕುರ್ಚಿಗೆ ಪರ್ಯಾಯ ನಿಯಂತ್ರಣ ಆರಿಸುವ, ಹೊಂದಿಸುವ, ಕಲಿಯುವ ಬಗೆ

ವಿದ್ಯುತ್ ಗಾಲಿಕುರ್ಚಿ ಎಂದೊಡನೆ ಕಣ್ಣ ಮುಂದೆ ಬರುವುದು ಕೈಯಾಸರೆಯ ತುದಿಯಲ್ಲಿ ನಿಂತಿರುವ ಪುಟ್ಟ ಜಾಯ್‌ಸ್ಟಿಕ್. ಮುಂದಕ್ಕೆ ಬಾಗಿಸಿದರೆ ಕುರ್ಚಿ ಮುಂದೆ ಹೋಗುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ಆದರೆ ಕತ್ತಿನ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ, ಎಎಲ್‌ಎಸ್ ಅಥವಾ ಮಸ್ಕ್ಯುಲರ್ ಡಿಸ್ಟ್ರಫಿಯಿಂದ ಬೆರಳುಗಳ ಬಲ ದಿನೇ ದಿನೇ ಇಳಿಯುತ್ತಿರುವವರಿಗೆ, ತೀವ್ರ ಸೆರೆಬ್ರಲ್ ಪಾಲ್ಸಿಯಿಂದಾಗಿ ಕೈಯನ್ನು ಒಂದೆಡೆ ಚಾಚಲು ಹೋದರೆ ಅದು ಇನ್ನೊಂದೆಡೆ ಹೋಗುವವರಿಗೆ ಆ ಪುಟ್ಟ ಕಡ್ಡಿಯೇ ದೊಡ್ಡ ಗೋಡೆಯಾಗುತ್ತದೆ. ಇದು ಹೊಸ ಸಮಸ್ಯೆಯೇನಲ್ಲ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ಎಂಜಿನಿಯರ್ ಜಾರ್ಜ್ ಕ್ಲೈನ್ ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ವಿದ್ಯುತ್ ಗಾಲಿಕುರ್ಚಿಯನ್ನು ರೂಪಿಸಲು ಹೊರಟದ್ದೇ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಮಾಜಿ ಸೈನಿಕರಿಗಾಗಿ.

ಇಂದು ಗದ್ದ, ತಲೆ, ತುಟಿ, ಉಸಿರು, ನಾಲಿಗೆ, ಕಣ್ಣು, ಕೊನೆಗೆ ಮಿದುಳಿನ ಸಂಕೇತಗಳಿಂದಲೂ ಕುರ್ಚಿಯನ್ನು ನಡೆಸುವ ಸಾಧನಗಳಿವೆ. ಆಯ್ಕೆ ಹೆಚ್ಚಿದಷ್ಟೂ ತಪ್ಪು ಆಯ್ಕೆಯ ಅವಕಾಶವೂ ಹೆಚ್ಚು. ಹೆಚ್ಚಿನ ಕುಟುಂಬಗಳು ಸಾಧನದಿಂದ ಹುಡುಕಾಟ ಆರಂಭಿಸುತ್ತವೆ. ಯಾವುದೋ ವಿಡಿಯೊದಲ್ಲಿ ಕಂಡದ್ದನ್ನು ತರಿಸಿಕೊಂಡು, ಆಮೇಲೆ ಅದಕ್ಕೆ ದೇಹವನ್ನು ಒಗ್ಗಿಸಲು ಹೆಣಗುತ್ತವೆ. ಹುಡುಕಾಟ ಆರಂಭವಾಗಬೇಕಾದದ್ದು ದೇಹದಲ್ಲಿ ಉಳಿದಿರುವ ನೆಚ್ಚಬಹುದಾದ ಚಲನೆಯಿಂದ. ಅದಕ್ಕಿಂತ ಮುಖ್ಯವಾದದ್ದು, ಆ ಚಲನೆಯನ್ನು ಆರಂಭಿಸಲು ಬರುತ್ತದೆಯೇ ಎಂಬುದಕ್ಕಿಂತ ಬೇಕೆಂದಾಗ ನಿಲ್ಲಿಸಲು ಬರುತ್ತದೆಯೇ ಎಂಬ ಪ್ರಶ್ನೆ. ಮುಂದಿನ ಹೆಜ್ಜೆಗಳನ್ನೆಲ್ಲ ಈ ಪ್ರಶ್ನೆಯ ಸುತ್ತಲೇ ಜೋಡಿಸಿದೆ. ಸಾಧ್ಯವಾದಲ್ಲೆಲ್ಲ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಒಬ್ಬರ ಜೊತೆಯಲ್ಲೇ ಈ ಕೆಲಸ ಮಾಡಿ; ಇಲ್ಲಿ ಹೇಳಿರುವುದು ಅವರ ಮುಂದೆ ಕುಳಿತಾಗ ಏನನ್ನು ಕೇಳಬೇಕು, ಏನನ್ನು ಗಮನಿಸಬೇಕು ಎಂಬುದಕ್ಕೆ ನೆರವಾಗಲೆಂದು.

ಮೊದಲ ಹೆಜ್ಜೆ: ಕೂರುವ ಭಂಗಿ

ನಿಯಂತ್ರಣದ ಮಾತು ಎತ್ತುವ ಮೊದಲು ಕೂರುವುದು ಸರಿಯಾಗಬೇಕು. ಸೊಂಟದ ಮೂಳೆ ಆಸನದಲ್ಲಿ ಮುಂದಕ್ಕೆ ಜಾರುತ್ತಿದ್ದರೆ ಬೆನ್ನು ಗೂನಾಗುತ್ತದೆ, ಬೆನ್ನು ಗೂನಾದರೆ ಕತ್ತು ಮುಂದಕ್ಕೆ ಚಾಚಿಕೊಳ್ಳುತ್ತದೆ, ಬೆಳಿಗ್ಗೆ ಗದ್ದಕ್ಕೆ ಸರಿಯಾಗಿ ಸಿಗುತ್ತಿದ್ದ ಜಾಯ್‌ಸ್ಟಿಕ್ ಮಧ್ಯಾಹ್ನದ ಹೊತ್ತಿಗೆ ಎರಡು ಬೆರಳು ದೂರವಾಗಿರುತ್ತದೆ. ಆಗ ಎಲ್ಲರೂ ಸಾಧನವನ್ನು ದೂರುತ್ತಾರೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹೋಗಿ: ಮೊದಲು ಸೊಂಟ ಸ್ಥಿರವಾಗಲಿ, ನಂತರ ಪಾದಗಳಿಗೆ ಆಸರೆ ಸಿಗಲಿ, ಆಮೇಲೆ ಮುಂಡದ ಎರಡು ಬದಿಗಳು, ಕೊನೆಗೆ ತಲೆ. ತಲೆಯಿಂದ ನಡೆಸುವ ಯೋಚನೆ ಇದ್ದರಂತೂ ತಲೆ ಅಲುಗಾಡಲು ಮುಂಡ ಅಲುಗಾಡಬಾರದು.

ಇಡೀ ಆಸನವನ್ನು ಹಿಂದಕ್ಕೆ ವಾಲಿಸುವ ಟಿಲ್ಟ್ ವ್ಯವಸ್ಥೆ ಕುರ್ಚಿಯಲ್ಲಿ ಇದ್ದರೆ ಅದನ್ನೂ ಇದೇ ಹಂತದಲ್ಲಿ ಪರೀಕ್ಷಿಸಿ. ತಾವೇ ಮೈ ಹೊರಳಿಸಲಾಗದವರಿಗೆ ಒತ್ತಡದ ಹುಣ್ಣು ಬರದಂತೆ ದಿನವಿಡೀ ಆಗಾಗ ವಾಲಿಸಿಕೊಳ್ಳುವುದು ಅನಿವಾರ್ಯ, ಮತ್ತು ಆ ಕೆಲಸವನ್ನು ಅವರು ತಾವೇ ಮಾಡಿಕೊಳ್ಳುವಂತಿರಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ಕುರ್ಚಿಯನ್ನು ಓಡಿಸುವ ಅದೇ ಸಾಧನದಿಂದ ಆಸನವನ್ನು ವಾಲಿಸಲು ಬರುತ್ತದೆಯೇ? ವಾಲಿಸಿ ಮತ್ತೆ ನೆಟ್ಟಗೆ ತಂದ ಮೇಲೆ ದೇಹ ಮೊದಲಿನ ಜಾಗಕ್ಕೇ ಬಂದು ಕೂರುತ್ತದೆಯೇ? ಎರಡನೆಯದನ್ನು ಅಂಗಡಿಯ ಐದು ನಿಮಿಷದ ಪ್ರದರ್ಶನದಲ್ಲಿ ಯಾರೂ ನೋಡುವುದಿಲ್ಲ.

ಎರಡನೆಯ ಹೆಜ್ಜೆ: ನೆಚ್ಚಬಹುದಾದ ಚಲನೆಯ ಹುಡುಕಾಟ

ಒಂದು ವಾರದ ಮಟ್ಟಿಗೆ ನೋಟ್‌ಬುಕ್ ಹಿಡಿಯಿರಿ. ಕಣ್ಣು ಮಿಟುಕಿಸುವುದರಿಂದ ಹಿಡಿದು ಹೆಬ್ಬೆರಳಿನ ಅಲುಗಾಟ, ಹುಬ್ಬೇರಿಸುವುದು, ಮೊಣಕಾಲನ್ನು ಹೊರಕ್ಕೆ ಒತ್ತುವುದು, ಭುಜ ಎತ್ತುವುದು, ತಲೆಯನ್ನು ಬದಿಗೆ ತಿರುಗಿಸುವುದು, ಹೀಗೆ ಸ್ವಾಧೀನದಲ್ಲಿರುವ ಪ್ರತಿಯೊಂದು ಚಲನೆಯನ್ನೂ ಬರೆದುಕೊಂಡು, ಪ್ರತಿಯೊಂದಕ್ಕೂ ನಾಲ್ಕು ಪರೀಕ್ಷೆ ಮಾಡಿ. ಹೇಳಿದ ತಕ್ಷಣ ಆ ಚಲನೆ ಬರುತ್ತದೆಯೇ? ಹತ್ತು ಬಾರಿ ಮಾಡಿದಾಗ ಹತ್ತನೆಯದೂ ಮೊದಲನೆಯದರಂತೆಯೇ ಇರುತ್ತದೆಯೇ? ಐದು ಸೆಕೆಂಡು ಹಿಡಿದಿಡಲು ಆಗುತ್ತದೆಯೇ? ಕೊನೆಯದಾಗಿ, ‘ಬಿಡಿ’ ಎಂದಾಗ ತಕ್ಷಣ ಬಿಡಲು ಆಗುತ್ತದೆಯೇ?

ಹೆಚ್ಚಿನ ಚಲನೆಗಳು ಸೋಲುವುದು ಈ ಕೊನೆಯ ಪರೀಕ್ಷೆಯಲ್ಲಿ. ಸ್ನಾಯುಬಿಗಿತ ಇರುವವರ ಮುಷ್ಟಿ ದೊಡ್ಡ ಸ್ವಿಚ್ ಒಂದನ್ನು ಚೆನ್ನಾಗಿಯೇ ಒತ್ತುತ್ತದೆ. ಆದರೆ ಹಿಂದಿನಿಂದ ಬಾಗಿಲು ದಡಾರನೆ ಬಡಿದರೆ ಬೆಚ್ಚಿಬಿದ್ದ ಮೈ ಬಿಗಿಯುತ್ತದೆ, ಮುಷ್ಟಿ ಸ್ವಿಚ್‌ನ ಮೇಲೆಯೇ ಗಟ್ಟಿಯಾಗುತ್ತದೆ. ಕುರ್ಚಿ ನಿಲ್ಲಬೇಕಾದ ಗಳಿಗೆಯಲ್ಲೇ ಓಡುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಕೆಲವರಲ್ಲಿ ಶಿಶುಸಹಜವಾದ ಪ್ರತಿವರ್ತನೆಯೊಂದು ಉಳಿದುಕೊಂಡಿರುತ್ತದೆ. ತಲೆಯನ್ನು ಬಲಕ್ಕೆ ತಿರುಗಿಸಿದರೆ ಬಲಗೈ ತಾನಾಗಿಯೇ ಚಾಚಿಕೊಂಡು ಎಡಗೈ ಮಡಚಿಕೊಳ್ಳುತ್ತದೆ. ಅಂಥವರ ಬಲಗೈಗೆ ಸ್ವಿಚ್ ಕೊಟ್ಟರೆ, ಬಲಕ್ಕೆ ಯಾರು ಬಂದರೆಂದು ತಿರುಗಿ ನೋಡಿದಾಗಲೆಲ್ಲ ಕುರ್ಚಿ ಹೊರಡುತ್ತದೆ. ಇಂಥದ್ದು ಕಾಣುವುದು ಕೊಠಡಿಯಲ್ಲಿ ಎದುರು ಕೂರಿಸಿ ಪರೀಕ್ಷಿಸುವಾಗಲ್ಲ, ಸುತ್ತ ಜನ ಓಡಾಡುವಾಗ.

ನಾಲ್ಕೂ ಪರೀಕ್ಷೆಗಳನ್ನು ಬೆಳಿಗ್ಗೆ ಒಮ್ಮೆ, ದಣಿದ ಸಂಜೆ ಒಮ್ಮೆ, ಸ್ನಾಯು ಸಡಿಲಿಸುವ ಔಷಧ ತೆಗೆದುಕೊಳ್ಳುವ ಮೊದಲು ಮತ್ತು ನಂತರ, ದಪ್ಪ ಬಟ್ಟೆ ತೊಟ್ಟು, ಹೀಗೆ ಬೇರೆ ಬೇರೆ ಸ್ಥಿತಿಗಳಲ್ಲಿ ಮಾಡಿ. ಆರಿಸಬೇಕಾದದ್ದು ಅತ್ಯಂತ ಬಲವಾದ ಚಲನೆಯನ್ನಲ್ಲ, ದಿನದ ಅತಿ ಕೆಟ್ಟ ಗಂಟೆಯಲ್ಲೂ ಕೈಕೊಡದ ಚಲನೆಯನ್ನು. ಅದು ಎಷ್ಟು ಸಣ್ಣದಾದರೂ ಅಡ್ಡಿಯಿಲ್ಲ. ಸ್ಟೀಫನ್ ಹಾಕಿಂಗ್ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡಕಕ್ಕೆ ಕೂರಿಸಿದ್ದ ಇನ್‌ಫ್ರಾರೆಡ್ ಸೆನ್ಸರ್‌ನ ನೆರವಿನಿಂದ ಕೆನ್ನೆಯ ಸ್ನಾಯುವೊಂದರ ಅಲುಗಾಟದಿಂದಲೇ ಕಂಪ್ಯೂಟರ್‌ನಲ್ಲಿ ಮಾತು ಜೋಡಿಸುತ್ತಿದ್ದರು. ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ: ಅಕ್ಷರ ಆರಿಸುವಾಗ ತಡವಾದರೆ ಕೇಳುವವರು ಕಾಯುತ್ತಾರೆ, ಗೋಡೆ ಕಾಯುವುದಿಲ್ಲ.

ಮೂರನೆಯ ಹೆಜ್ಜೆ: ಪ್ರಮಾಣಾನುಸಾರಿಯೋ, ಸ್ವಿಚ್ಚೋ

ಎಲ್ಲ ನಿಯಂತ್ರಣಗಳೂ ಎರಡು ಜಾತಿಗೆ ಸೇರುತ್ತವೆ. ಒಂದು ಪ್ರಮಾಣಾನುಸಾರಿ: ಎಷ್ಟು ಬಾಗಿಸುತ್ತೀರೋ ಅಷ್ಟು ವೇಗ, ಎತ್ತ ಬಾಗಿಸುತ್ತೀರೋ ಅತ್ತ ದಿಕ್ಕು. ಜಾಯ್‌ಸ್ಟಿಕ್‌ಗಳು ಹೆಚ್ಚಾಗಿ ಈ ಜಾತಿಯವು. ಇನ್ನೊಂದು ಸ್ವಿಚ್ ಆಧಾರಿತ: ಇದೆ ಅಥವಾ ಇಲ್ಲ, ನಡುವೆ ಏನೂ ಇಲ್ಲ, ವೇಗವನ್ನು ಮೊದಲೇ ಪ್ರೋಗ್ರಾಂನಲ್ಲಿ ನಿಗದಿ ಮಾಡಿಡಬೇಕು. ಸಣ್ಣದಾಗಿಯಾದರೂ ನಾಲ್ಕು ದಿಕ್ಕಿಗೆ ಹದವಾಗಿ ಒತ್ತಬಲ್ಲ ಯಾವುದೇ ಅಂಗ ಇದ್ದರೆ ಮೊದಲು ಪ್ರಮಾಣಾನುಸಾರಿಯನ್ನೇ ಪ್ರಯತ್ನಿಸಿ, ಏಕೆಂದರೆ ಇಕ್ಕಟ್ಟಿನ ಜಾಗದಲ್ಲಿ ಅದರ ನಯ ಸ್ವಿಚ್‌ಗೆ ಬರುವುದಿಲ್ಲ.

ಸ್ವಿಚ್ ಆಧಾರಿತ ವ್ಯವಸ್ಥೆಯಲ್ಲಿ ಮತ್ತೊಂದು ಕವಲಿದೆ. ಒತ್ತಿದಷ್ಟು ಹೊತ್ತು ಮಾತ್ರ ಕುರ್ಚಿ ಚಲಿಸುವುದು ಕ್ಷಣಿಕ ವಿಧಾನ. ಒಮ್ಮೆ ಒತ್ತಿದರೆ ಇನ್ನೊಂದು ಆಜ್ಞೆ ಬರುವವರೆಗೂ ಚಲಿಸುತ್ತಲೇ ಇರುವುದು ಲ್ಯಾಚ್ ವಿಧಾನ. ಉದ್ದನೆಯ ಹಾದಿಯಲ್ಲಿ ಸ್ವಿಚ್ಚನ್ನು ಒತ್ತಿಕೊಂಡೇ ಇರಲಾಗದವರಿಗೆ ಲ್ಯಾಚ್ ವರದಾನ. ಆದರೆ ಕ್ಷಣಿಕ ವಿಧಾನದಲ್ಲಿ ಸುಮ್ಮನಿದ್ದರೆ ಸುರಕ್ಷಿತ, ಲ್ಯಾಚ್‌ನಲ್ಲಿ ಸುಮ್ಮನಿದ್ದರೆ ಅಪಾಯ. ಹಾಗಾಗಿ, ಪ್ರತ್ಯೇಕವಾದ ತುರ್ತು ನಿಲುಗಡೆ ಸ್ವಿಚ್ ಅಳವಡಿಸಿ ಪರೀಕ್ಷಿಸುವ ಮೊದಲು ಲ್ಯಾಚ್ ವಿಧಾನವನ್ನು ಒಂದು ನಿಮಿಷಕ್ಕೂ ಚಾಲೂ ಮಾಡಬೇಡಿ.

ನಾಲ್ಕನೆಯ ಹೆಜ್ಜೆ: ಸಾಧನಗಳನ್ನು ಹತ್ತಿರದಿಂದ ನೋಡುವುದು

ಪುಟ್ಟ ಜಾಯ್‌ಸ್ಟಿಕ್. ಸಾಮಾನ್ಯ ಜಾಯ್‌ಸ್ಟಿಕ್‌ಗೆ ಬೇಕಾದ ಬಲದ ಚಿಕ್ಕದೊಂದು ಪಾಲಿನಲ್ಲೇ, ಕೆಲವೇ ಮಿಲಿಮೀಟರ್ ಅಲುಗಾಟದಲ್ಲೇ ಕೆಲಸ ಮಾಡುವ ಮಿನಿ ಜಾಯ್‌ಸ್ಟಿಕ್‌ಗಳಿವೆ. ಬೆರಳ ತುದಿ, ಹೆಬ್ಬೆರಳು, ಕೆಳತುಟಿ, ಗದ್ದ, ಎಲ್ಲಿ ಬೇಕಾದರೂ ಕೂರಿಸಬಹುದು. ಗದ್ದದಿಂದ ನಡೆಸುವವರು ಉಬ್ಬುತಗ್ಗಿನ ನೆಲದಲ್ಲಿ ಎಚ್ಚರವಹಿಸಬೇಕು: ಕುರ್ಚಿ ಕುಲುಕಿದರೆ ತಲೆ ಕುಲುಕುತ್ತದೆ, ತಲೆ ಕುಲುಕಿದರೆ ಜಾಯ್‌ಸ್ಟಿಕ್ ಕದಲಿ ಕುರ್ಚಿ ಇನ್ನಷ್ಟು ಕುಲುಕುತ್ತದೆ. ಊಟ ಮಾಡುವಾಗ, ಮಾತನಾಡುವಾಗ ಜಾಯ್‌ಸ್ಟಿಕ್ಕನ್ನು ಮುಖದ ಮುಂದಿನಿಂದ ಪಕ್ಕಕ್ಕೆ ಸರಿಸುವ ತೋಳು ಇರಲೇಬೇಕು. ಅದನ್ನು ಸರಿಸುವವರು ಯಾರು ಎಂಬುದನ್ನೂ ಕೇಳಿಕೊಳ್ಳಿ. ಪ್ರತಿಸಲವೂ ಇನ್ನೊಬ್ಬರು ಬರಬೇಕಾದರೆ ಸ್ವಾತಂತ್ರ್ಯ ಅಷ್ಟಕ್ಕಷ್ಟೇ.

ತಲೆಯ ಸೆನ್ಸರ್ ಸಾಲು. ಇದರಲ್ಲಿ ತಲೆಯಾಸರೆಯ ಮೂರು ಮೆತ್ತೆಗಳೊಳಗೆ ಸಾಮೀಪ್ಯ ಸೆನ್ಸರ್‌ಗಳಿರುತ್ತವೆ. ತಲೆಯನ್ನು ಹಿಂದಿನ ಮೆತ್ತೆಗೆ ತಾಗಿಸಿದರೆ ಮುಂದಕ್ಕೆ, ಎಡ ಮೆತ್ತೆಗೆ ಎಡಕ್ಕೆ, ಬಲ ಮೆತ್ತೆಗೆ ಬಲಕ್ಕೆ. ಹಿಂದೆ ಚಲಿಸಲು ಬೇರೊಂದು ಸ್ವಿಚ್‌ನಿಂದ ವಿಧಾನ ಬದಲಿಸಬೇಕು. ಹಿಂದಕ್ಕೆ ತಲೆ ಒತ್ತಿದರೆ ಮುಂದಕ್ಕೆ ಹೋಗುವುದು ಮೊದಲ ದಿನ ವಿಚಿತ್ರವೆನಿಸುತ್ತದೆ. ಆದರೆ ತಲೆ ಆಸರೆಗೆ ಒರಗಿರುವಾಗ ಎದುರಿನ ಹಾದಿ ನೆಟ್ಟಗೆ ಕಾಣುತ್ತದೆ, ಕತ್ತು ಸೋತು ಮುಂದಕ್ಕೆ ಬಾಗಿದರೆ ಕುರ್ಚಿ ತಾನಾಗಿಯೇ ನಿಲ್ಲುತ್ತದೆ. ದಣಿವೇ ಬ್ರೇಕ್ ಆಗುವ ಇಂಥ ಜಾಣ ವಿನ್ಯಾಸ ಈ ಕ್ಷೇತ್ರದಲ್ಲಿ ಅಪರೂಪ.

ಇದನ್ನು ಹೊಂದಿಸುವಾಗ ಸಣ್ಣ ಅಳತೆಗಳೇ ಎಲ್ಲವನ್ನೂ ನಿರ್ಧರಿಸುತ್ತವೆ. ಬದಿಯ ಮೆತ್ತೆಗಳು ಕಿವಿಗೆ ತೀರಾ ಹತ್ತಿರವಿದ್ದರೆ ಸಹಜವಾಗಿ ಪಕ್ಕಕ್ಕೆ ನೋಡಿದಾಗಲೂ ಕುರ್ಚಿ ತಿರುಗುತ್ತದೆ. ದೂರವಿದ್ದರೆ ತಲುಪುವ ಪ್ರಯತ್ನದಲ್ಲಿ ಮುಂಡವೇ ವಾಲುತ್ತದೆ. ಮೊದಲು ಕುರ್ಚಿಯ ಚಾಲನೆಯನ್ನು ಪೂರ್ತಿ ನಿಷ್ಕ್ರಿಯಗೊಳಿಸಿ, ಸೆನ್ಸರ್ ದೀಪ ಮಾತ್ರ ಉರಿಯುವಂತೆ ಮಾಡಿ, ಕುಳಿತವರೊಂದಿಗೆ ಹತ್ತು ನಿಮಿಷ ಸುಮ್ಮನೆ ಹರಟೆ ಹೊಡೆಯಿರಿ. ಅವರು ನಕ್ಕಾಗ, ಕೆಮ್ಮಿದಾಗ, ‘ಇಲ್ಲ’ ಎಂದು ತಲೆಯಾಡಿಸಿದಾಗ ಎಷ್ಟು ಸಲ ದೀಪ ಹತ್ತಿತು ಎಂದು ಎಣಿಸಿ. ದೀಪ ಹತ್ತಿದ ಪ್ರತಿಸಲವೂ ಕುರ್ಚಿ ತಾನಾಗಿ ಹೊರಟಂತೆ ಎಂದು ಭಾವಿಸಿ ಮೆತ್ತೆಯನ್ನು ಅರ್ಧರ್ಧ ಸೆಂಟಿಮೀಟರ್ ಸರಿಸುತ್ತ ಹೋಗಿ. ಕೂದಲು ಕಟ್ಟುವ ಬಗೆ ಬದಲಾದರೂ, ಟೋಪಿ ತೊಟ್ಟರೂ ಈ ಲೆಕ್ಕ ಬದಲಾಗುತ್ತದೆ.

ಊದು-ಹೀರು ನಳಿಕೆ. ತುಟಿಗಳ ನಡುವಿನ ನಳಿಕೆಯಲ್ಲಿ ಜೋರಾಗಿ ಊದುವುದು, ಮೆಲ್ಲಗೆ ಊದುವುದು, ಜೋರಾಗಿ ಹೀರುವುದು, ಮೆಲ್ಲಗೆ ಹೀರುವುದು, ಹೀಗೆ ನಾಲ್ಕು ಆಜ್ಞೆಗಳು. ಸಾಮಾನ್ಯ ರೂಢಿಯಂತೆ ಜೋರಾಗಿ ಊದಿದರೆ ಮುಂದೆ, ಜೋರಾಗಿ ಹೀರಿದರೆ ಹಿಂದೆ ಅಥವಾ ನಿಲುಗಡೆ, ಮೆಲ್ಲಗಿನವು ಬಲ ಮತ್ತು ಎಡಕ್ಕೆ. ಹೆಚ್ಚಾಗಿ ಇದನ್ನು ಲ್ಯಾಚ್ ವಿಧಾನದಲ್ಲೇ ಬಳಸುತ್ತಾರೆ. ಇದಕ್ಕೆ ಶ್ವಾಸಕೋಶದ ಬಲ ಬೇಕೆಂಬುದು ತಪ್ಪು ಕಲ್ಪನೆ. ಬೇಕಾದದ್ದು ಬಾಯೊಳಗಿನ ಗಾಳಿಯ ಒತ್ತಡ. ಅದನ್ನು ಕೆನ್ನೆ ಮತ್ತು ನಾಲಿಗೆಯಿಂದಲೇ ಹುಟ್ಟಿಸಬಹುದು. ವೆಂಟಿಲೇಟರ್ ಬಳಸುವವರೂ ಇದನ್ನು ಕಲಿಯುವುದು ಅದರಿಂದಲೇ. ಬೇಕಾದದ್ದು ತುಟಿಗಳ ಬಿಗಿಯಾದ ಮುಚ್ಚುಗೆ ಮತ್ತು ಮೂಗಿನ ಕಡೆಗೆ ಗಾಳಿ ಸೋರದಂತೆ ತಡೆಯುವ ಮೃದು ಅಂಗುಳ. ಪರೀಕ್ಷೆ ಸುಲಭ: ಜ್ಯೂಸ್ ಕುಡಿಯುವ ನಳಿಕೆಯ ಒಂದು ತುದಿಯನ್ನು ಲೋಟದ ನೀರಿನಲ್ಲಿ ಮುಳುಗಿಸಿ, ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಗುಳ್ಳೆ ಬಿಡಲು ಹೇಳಿ. ಎರಡರ ವ್ಯತ್ಯಾಸ ನೋಡುವವರಿಗೆ ತಿಳಿಯದಿದ್ದರೆ ಯಂತ್ರಕ್ಕೂ ತಿಳಿಯುವುದಿಲ್ಲ. ನುಂಗುವ ತೊಂದರೆ ಇರುವವರ ಮೇಲೆ ನೀರಿನ ಈ ಪರೀಕ್ಷೆಯನ್ನು ಮಾಡಬೇಡಿ. ನಳಿಕೆಯಲ್ಲಿ ಜೊಲ್ಲು ತುಂಬಿದರೆ ಒತ್ತಡದ ಅಳತೆ ತಪ್ಪುತ್ತದೆ. ಬಾಯಿಗೆ ಇಡುವ ತುಂಡನ್ನು ತೊಳೆಯುವುದು, ಜೊಲ್ಲು ತಡೆಯುವ ಫಿಲ್ಟರ್ ಬದಲಿಸುವುದು ದಿನಚರಿಯ ಭಾಗವಾಗಬೇಕು.

ಒಂದೇ ಸ್ವಿಚ್. ದೇಹದಲ್ಲಿ ಒಂದೇ ಒಂದು ಚಲನೆ ಉಳಿದಿದ್ದರೂ ದಾರಿಯಿದೆ. ಪರದೆಯ ಮೇಲೆ ಮುಂದೆ, ಬಲ, ಹಿಂದೆ, ಎಡ ಎಂಬ ಬಾಣಗಳು ಒಂದಾದ ಮೇಲೊಂದು ಬೆಳಗುತ್ತ ಹೋಗುತ್ತವೆ. ಬೇಕಾದದ್ದು ಬೆಳಗಿದಾಗ ಸ್ವಿಚ್ ಒತ್ತಬೇಕು. ಇದು ನಿಧಾನ, ಗಮನವನ್ನೆಲ್ಲ ಬೇಡುತ್ತದೆ. ಆದರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಯಾರನ್ನೂ ಕೇಳದೆ ಹೋಗಲು ಸಾಧ್ಯವಾಗುವುದನ್ನು ನಿಧಾನವೆಂದು ತಳ್ಳಿಹಾಕುವ ಹಕ್ಕು ನಡೆಯಬಲ್ಲ ನಮಗಿಲ್ಲ.

ಧ್ವನಿ. ‘ನಿಲ್ಲು’ ಎಂಬ ಮಾತನ್ನು ಯಂತ್ರ ಕೇಳಿ, ಗುರುತಿಸಿ, ಪಾಲಿಸುವಷ್ಟರಲ್ಲಿ ಕುರ್ಚಿ ಮುಂದೆ ಸಾಗಿರುತ್ತದೆ; ಗದ್ದಲದಲ್ಲಿ ಕೇಳದೆಯೂ ಹೋಗಬಹುದು. ದೀಪ, ಬಾಗಿಲು, ಫೋನ್‌ಗೆ ಧ್ವನಿ ಸೊಗಸು, ಚಾಲನೆಯ ಏಕೈಕ ಸಾಧನವಾಗಿ ಬೇಡ.

ಕಣ್ಣು ಮತ್ತು ನಾಲಿಗೆ. ಕಣ್ಣಿನ ನೋಟವನ್ನು ಹಿಂಬಾಲಿಸುವ ಕ್ಯಾಮೆರಾಗಳಿಗೆ ಎರಡು ತೊಡಕುಗಳಿವೆ. ಹೆಚ್ಚಿನವು ಇನ್‌ಫ್ರಾರೆಡ್ ಬೆಳಕನ್ನು ನೆಚ್ಚಿಕೊಂಡಿರುವುದರಿಂದ ಬಿಸಿಲಿನಲ್ಲಿ ತಡವರಿಸುತ್ತವೆ. ಇನ್ನೊಂದು, ಕಣ್ಣು ಇರುವುದೇ ನೋಡಲಿಕ್ಕೆ. ಬರೀ ನೋಡಿದ್ದನ್ನು ಆಜ್ಞೆಯೆಂದು ಯಂತ್ರ ತಿಳಿಯಬಾರದು. ಮುಟ್ಟಿದ್ದೆಲ್ಲ ಚಿನ್ನವಾದ ಮೈಡಾಸ್ ರಾಜನ ಹೆಸರಿನಿಂದಲೇ ಸಂಶೋಧಕರು ಈ ಸಮಸ್ಯೆಯನ್ನು ಕರೆಯುತ್ತಾರೆ. ನಾಲಿಗೆಯ ವಿಷಯದಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗ ಗಮನಾರ್ಹ: ನಾಲಿಗೆಗೆ ಚುಚ್ಚಿಸಿಕೊಂಡ ಪುಟ್ಟ ಅಯಸ್ಕಾಂತದ ಚಲನೆಯನ್ನು ಕೆನ್ನೆಗಳ ಬಳಿಯ ಸೆನ್ಸರ್‌ಗಳು ಅಳೆದು ಕುರ್ಚಿಗೆ ದಿಕ್ಕು ಕೊಡುತ್ತವೆ.

ಮಿದುಳಿನ ಸಂಕೇತ. ಮಿದುಳಿನ ಸಂಕೇತ ಹಿಡಿಯುವ ಸೆನ್ಸರ್‌ಗಳ ಟೋಪಿ ತೊಟ್ಟು ಯೋಚನೆಯಿಂದಲೇ ಕುರ್ಚಿ ಓಡಿಸುವ ಸುದ್ದಿ ಆಗಾಗ ಬರುತ್ತದೆ, ಸುಳ್ಳೂ ಅಲ್ಲ. 2022ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹವರ್ತಿಗಳು ಪ್ರಕಟಿಸಿದ ಅಧ್ಯಯನದಲ್ಲಿ ಭಾಗವಹಿಸಿದವರು ಮೂರೇ ಮಂದಿ, ತರಬೇತಿ ನಡೆದದ್ದು ತಿಂಗಳುಗಟ್ಟಲೆ, ಮತ್ತು ಅಡೆತಡೆ ತಪ್ಪಿಸಲು ಕುರ್ಚಿಗೆ ಸೆನ್ಸರ್‌ಗಳ ನೆರವೂ ಇತ್ತು. ಭರವಸೆಯಿಡಿ, ಆದರೆ ಈಗ ಬೇಕಾದ ಕುರ್ಚಿಯ ಆರ್ಡರನ್ನು ಇದಕ್ಕಾಗಿ ಮುಂದೂಡಬೇಡಿ.

ಐದನೆಯ ಹೆಜ್ಜೆ: ನಿಲುಗಡೆಯ ಪರೀಕ್ಷೆ

ಸಾಧನ ಯಾವುದೇ ಇರಲಿ, ಮನೆಗೆ ತರುವ ಮೊದಲು ಮೂರು ಬಗೆಯ ನಿಲುಗಡೆಯನ್ನು ಪರೀಕ್ಷಿಸಿ. ಮೊದಲನೆಯದು ಬಳಕೆದಾರರೇ ಬೇಕೆಂದು ನಿಲ್ಲಿಸುವುದು. ಸಹಾಯಕರು ಯಾವುದೇ ಮುನ್ಸೂಚನೆ ಕೊಡದೆ ‘ನಿಲ್ಲಿ’ ಎಂದು ಹೇಳಿದ ಕ್ಷಣದಿಂದ ಕುರ್ಚಿ ನಿಂತ ಜಾಗದವರೆಗಿನ ದೂರವನ್ನು ಟೇಪ್ ಹಿಡಿದು ಅಳೆಯಿರಿ. ಇಪ್ಪತ್ತು ಬಾರಿ ಮಾಡಿ, ಸರಾಸರಿಯನ್ನಲ್ಲ, ಅತಿ ಹೆಚ್ಚಿನ ದೂರವನ್ನು ಬರೆದಿಟ್ಟುಕೊಳ್ಳಿ. ಬಾಗಿಲು, ಮೆಟ್ಟಿಲು, ಇನ್ನೊಬ್ಬರ ಕಾಲು, ಇವುಗಳಿಂದ ಕಾಯ್ದುಕೊಳ್ಳಬೇಕಾದ ಅಂತರವನ್ನು ಆ ಅಂಕಿಯಿಂದಲೇ ಲೆಕ್ಕ ಹಾಕಬೇಕು.

ಎರಡನೆಯದು ತುರ್ತು ಸ್ವಿಚ್. ಇದನ್ನು ಚಾಲನೆಗೆ ಬಳಸುವ ಅಂಗಕ್ಕಲ್ಲದೆ ಬೇರೊಂದು ಅಂಗಕ್ಕೆ ಕೊಡಿ. ತಲೆಯಿಂದ ನಡೆಸುವವರಿಗೆ ಮೊಣಕಾಲ ಪಕ್ಕ, ಉಸಿರಿನಿಂದ ನಡೆಸುವವರಿಗೆ ತಲೆಯ ಬದಿ. ಒಂದೇ ಅಂಗವನ್ನು ಎರಡಕ್ಕೂ ನೆಚ್ಚಿಕೊಂಡರೆ, ಸೆಳೆತ ಬಂದಾಗ ಎರಡೂ ಒಟ್ಟಿಗೆ ಕೈತಪ್ಪುತ್ತವೆ. ಮೂರನೆಯದು ಯಂತ್ರ ತಾನಾಗಿಯೇ ನಿಲ್ಲುವುದು: ಬಳಕೆದಾರರು ಕೆಳಗಿಳಿದಿರುವಾಗ ಸಾಧನದ ಕೇಬಲ್ ಕಿತ್ತರೆ, ನಳಿಕೆ ಬಾಯಿಯಿಂದ ಜಾರಿದರೆ, ಚಾಲನೆಯಲ್ಲಿ ಬಹಳ ಹೊತ್ತು ಯಾವ ಆಜ್ಞೆಯೂ ಬಾರದಿದ್ದರೆ ಕುರ್ಚಿ ಏನು ಮಾಡುತ್ತದೆ ಎಂಬುದನ್ನು ತಂತ್ರಜ್ಞರು ಕಣ್ಣೆದುರೇ ಮಾಡಿ ತೋರಿಸಲಿ. ಕೈಪಿಡಿಯಲ್ಲಿದೆ ಎಂಬ ಉತ್ತರ ಸಾಲದು. ಕುರ್ಚಿಯ ಹಿಂಬದಿಯಲ್ಲಿ ಸಹಾಯಕರ ನಿಯಂತ್ರಣ ಇರಲಿ, ಮನೆಯ ಪ್ರತಿಯೊಬ್ಬರಿಗೂ ಅದು ಗೊತ್ತಿರಲಿ.

ಆರನೆಯ ಹೆಜ್ಜೆ: ಪ್ರೋಗ್ರಾಂ ಹೊಂದಿಸುವುದು

ಒಳ್ಳೆಯ ಸಾಧನ ಕೆಟ್ಟದಾಗಿ ಪ್ರೋಗ್ರಾಂ ಆಗಿರುವುದು ಬಹಳ ಸಾಮಾನ್ಯ. ಕಾರ್ಖಾನೆಯಿಂದ ಬಂದ ಹೊಂದಾಣಿಕೆ ಜಾಯ್‌ಸ್ಟಿಕ್ ಹಿಡಿಯುವ ಕೈಗೆಂದೇ ಇರುತ್ತದೆ. ಮುಂದಿನ ವೇಗ, ತಿರುಗುವ ವೇಗ, ವೇಗ ಏರುವ ಬಗೆ, ಇಳಿಯುವ ಬಗೆ, ಇವನ್ನು ಬೇರೆ ಬೇರೆಯಾಗಿ ಹೊಂದಿಸಬಹುದು. ಮೊದಲ ದಿನ ಎಲ್ಲವನ್ನೂ ತೀರಾ ಕೆಳಗಿಡಿ, ತಿರುಗುವ ವೇಗವನ್ನಂತೂ ಇನ್ನೂ ಕೆಳಗೆ, ಏಕೆಂದರೆ ಹೊಸಬರು ಗೋಡೆಗೆ ತಾಗುವುದು ನೇರ ಹಾದಿಗಿಂತ ಹೆಚ್ಚಾಗಿ ತಿರುವಿನಲ್ಲಿ. ವೇಗ ಇಳಿಕೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ: ಬೇಗ ನಿಲ್ಲಲೆಂದು ಅದನ್ನು ತೀಕ್ಷ್ಣವಾಗಿಟ್ಟರೆ, ಮುಂಡದ ಹಿಡಿತವಿಲ್ಲದವರು ಪ್ರತಿ ನಿಲುಗಡೆಗೂ ಮುಂದಕ್ಕೆ ಮುಗ್ಗರಿಸುತ್ತಾರೆ, ತಲೆ ಸೆನ್ಸರ್‌ನಿಂದ ದೂರವಾಗುತ್ತದೆ. ನಿಲುಗಡೆಯ ದೂರ ಮತ್ತು ದೇಹದ ಸ್ಥಿರತೆಯ ನಡುವಿನ ಈ ಹದ ಒಂದೇ ಬಾರಿಗೆ ಸಿಗುವಂಥದ್ದಲ್ಲ.

ನಡುಕ ಇರುವವರಿಗೆ ಅದನ್ನು ಅಡಗಿಸುವ ಹೊಂದಾಣಿಕೆಯಿದೆ, ಜಾಯ್‌ಸ್ಟಿಕ್‌ನ ನಡುಭಾಗದ ನಿಷ್ಕ್ರಿಯ ವಲಯವನ್ನು (ಕಡ್ಡಿ ಅಲುಗಿದರೂ ಕುರ್ಚಿ ಕದಲದ ಭಾಗವನ್ನು) ಹಿಗ್ಗಿಸಬಹುದು. ಕೈ ಒಂದು ದಿಕ್ಕಿಗೆ ಪೂರ್ತಿ ಚಾಚದಿದ್ದರೆ ಆ ದಿಕ್ಕಿನಲ್ಲಿ ಮಾತ್ರ ಅರ್ಧ ಅಲುಗಾಟಕ್ಕೇ ಪೂರ್ತಿ ವೇಗ ಬರುವಂತೆ ಮಾಡಬಹುದು, ಯಾವ ಕಡೆಗೆ ಬಾಗಿಸಿದರೆ ‘ಮುಂದೆ’ ಎಂಬ ಅಕ್ಷವನ್ನೇ ತಿರುಗಿಸಿಬಿಡಬಹುದು. ಸ್ವಿಚ್‌ನಿಂದ ನಡೆಸುವವರಿಗೆ ಜೈರೋ (ಕುರ್ಚಿ ತಿರುಗಿದ್ದನ್ನು ಅಳೆಯುವ ಸೆನ್ಸರ್) ಆಧಾರಿತ ಪಥ ತಿದ್ದುಪಡಿ ಐಷಾರಾಮವಲ್ಲ, ಅಗತ್ಯ. ಅದಿಲ್ಲದಿದ್ದರೆ ಓರೆಯಾದ ನೆಲದಲ್ಲಿ ಕುರ್ಚಿ ತಗ್ಗಿನ ಕಡೆ ಎಳೆಯುತ್ತ ಹೋಗುತ್ತದೆ, ಮತ್ತು ಪ್ರತಿ ಎರಡು ಹೆಜ್ಜೆಗೊಮ್ಮೆ ಎಡ-ಬಲ ತಿದ್ದುತ್ತ ಕತ್ತು ಸೋಲುತ್ತದೆ. ಮನೆಯೊಳಗೆ ಒಂದು, ಹೊರಗೆ ಒಂದು, ದಣಿದ ಸಂಜೆಗೆ ಒಂದು ಎಂದು ಬೇರೆ ಬೇರೆ ಪ್ರೊಫೈಲ್‌ಗಳನ್ನು ಉಳಿಸಿಡಿ.

ಕೊಳ್ಳುವಾಗ ವಿಸ್ತರಿಸಬಹುದಾದ ಎಲೆಕ್ಟ್ರಾನಿಕ್ಸ್ ಇರುವ ಕುರ್ಚಿಯನ್ನೇ ಕೇಳಿ. ಮುಂದುವರಿಯುವ ಕಾಯಿಲೆ ಇರುವವರಿಗೆ ಈ ವರ್ಷ ಬೆರಳು, ಮುಂದಿನ ವರ್ಷ ತಲೆ, ಆಮೇಲೆ ಒಂದೇ ಸ್ವಿಚ್ ಆಗಬಹುದು; ಸಾಧನ ಬದಲಾಗಲಿ, ಕುರ್ಚಿ ಬದಲಾಗಬೇಕಾಗಬಾರದು. ಅಗ್ಗದ ಕುರ್ಚಿಗಳಲ್ಲಿ ಜಾಯ್‌ಸ್ಟಿಕ್ ಮತ್ತು ಮೋಟಾರು ನಿಯಂತ್ರಕ ಒಂದೇ ಪೆಟ್ಟಿಗೆಯಲ್ಲಿದ್ದು, ಬೇರೆ ಯಾವುದನ್ನೂ ಜೋಡಿಸಲು ಬರುವುದಿಲ್ಲ. ಹೆಚ್ಚಿನ ಸ್ವಿಚ್‌ಗಳು 3.5 ಮಿಲಿಮೀಟರ್ ಜ್ಯಾಕ್‌ನವು, ಹಾಗಾಗಿ ಅವುಗಳನ್ನು ಬೇರೆಡೆಯಿಂದಲೂ ತರಬಹುದು. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7176ರಲ್ಲಿ 14ನೆಯ ಭಾಗ ವಿದ್ಯುತ್ ಮತ್ತು ನಿಯಂತ್ರಣ ವ್ಯವಸ್ಥೆಗೂ, 19ನೆಯ ಭಾಗ ಮೋಟಾರು ವಾಹನದಲ್ಲಿ ಆಸನವಾಗಿ ಬಳಸುವುದಕ್ಕೂ ಸಂಬಂಧಿಸಿವೆ. ಎರಡರ ಪರೀಕ್ಷೆಯಲ್ಲೂ ಕುರ್ಚಿ ತೇರ್ಗಡೆಯಾಗಿದೆಯೇ ಎಂದು ಮಾರುವವರನ್ನು ಬರವಣಿಗೆಯಲ್ಲಿ ಕೇಳಿ.

ಏಳನೆಯ ಹೆಜ್ಜೆ: ರೋಬೋಟ್‌ನ ನೆರವು ಎಷ್ಟು, ಎಲ್ಲಿ

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ನವ್‌ಚೇರ್ ಎಂಬ ಕುರ್ಚಿ ಶ್ರವಣಾತೀತ ಸೆನ್ಸರ್‌ಗಳಿಂದ ಅಡ್ಡಿಗಳನ್ನು ಗುರುತಿಸಿ ಬಾಗಿಲು ದಾಟಲು ನೆರವಾಗುತ್ತಿತ್ತು. ಈಗ ಅಂಥ ನೆರವು, ಮನೆಯಲ್ಲಿ ಈಗಾಗಲೇ ಇರುವ ಕುರ್ಚಿಗೆ ಜೋಡಿಸುವ ಉಪಕರಣವಾಗಿಯೂ ಸಿಗುತ್ತದೆ. ಕೆನಡಾದ ಬ್ರೇಜ್ ಮೊಬಿಲಿಟಿಯ ಸೆನ್ಸರ್‌ಗಳು ಕಾಣದ ಬದಿಗಳ ಅಡ್ಡಿಯನ್ನು ಬೆಳಕು, ಸದ್ದು, ಕಂಪನದಿಂದ ತಿಳಿಸುತ್ತವೆ. ಅಮೆರಿಕದ ಲೂಸಿ ಎಂಬ ಉಪಕರಣ ಅಡ್ಡಿ ಅಥವಾ ಅಂಚು ಎದುರಾದಾಗ ಕುರ್ಚಿಯ ವೇಗವನ್ನೇ ತಗ್ಗಿಸುತ್ತದೆ. ಜಪಾನಿನ ವಿಲ್ ಕಂಪನಿಯ ಸ್ವಯಂಚಾಲಿತ ಕುರ್ಚಿಗಳು 2020ರಿಂದ ಟೋಕಿಯೊದ ಹನೆಡಾ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಗೇಟಿಗೆ ಬಿಟ್ಟು ತಾವೇ ಮರಳುತ್ತವೆ. ಆದರೆ ಸಪಾಟು ನೆಲದ, ನಕ್ಷೆ ಗೊತ್ತಿರುವ ನಿಲ್ದಾಣ ಬೇರೆ, ಆಟಿಕೆ ಚೆಲ್ಲಾಡಿದ ಕೋಣೆ ಬೇರೆ.

ಸೆನ್ಸರ್ ಇದೆಯೆಂದು ಮೆಟ್ಟಿಲಂಚಿಗೆ ಹೋಗಬೇಡಿ. ಶ್ರವಣಾತೀತ ಅಲೆಗಳು ಮೆತ್ತನೆಯ ಬಟ್ಟೆಯಲ್ಲಿ ಇಂಗಿಹೋಗುತ್ತವೆ, ಓರೆಯಾದ ನುಣುಪು ಗೋಡೆಗೆ ಬಡಿದು ಬೇರೆಡೆಗೆ ಚಿಮ್ಮುತ್ತವೆ. ಲೇಸರ್ ಗಾಜಿನ ಬಾಗಿಲನ್ನು ತೂರಿಕೊಂಡು ಹೋಗುತ್ತದೆ. ಇನ್ನೊಂದು ತೊಂದರೆ, ಮೇಜಿಗೆ ಹತ್ತಿರ ಸರಿಯಬೇಕೆಂದಾಗ ಕುರ್ಚಿ ಅದನ್ನು ಅಡ್ಡಿಯೆಂದು ತಿಳಿದು ನಿಂತುಬಿಡುವುದು. ಹಾಗಾಗಿ ನೆರವನ್ನು ಬಳಕೆದಾರರೇ ತಾತ್ಕಾಲಿಕವಾಗಿ ಬದಿಗಿರಿಸುವ ಉಪಾಯ ಇರಬೇಕು. ಕುರ್ಚಿಯ ಬದಿಗೆ ಕೂರಿಸುವ ರೋಬೋಟ್ ತೋಳುಗಳೂ ಇವೆ; ಕೆನಡಾದ ಕಿನೋವಾ ಕಂಪನಿಯ ಜಾಕೊ ತೋಳನ್ನು ಕುರ್ಚಿ ನಡೆಸುವ ಸಾಧನದಿಂದಲೇ ಆಡಿಸಿ ಲೋಟ ಎತ್ತಬಹುದು, ಬಾಗಿಲು ತೆರೆಯಬಹುದು. ಚಾಲನೆ ಪಳಗಿ ಕೆಲವು ತಿಂಗಳಾದ ಮೇಲೆ ಅದರ ಯೋಚನೆ ಮಾಡಿದರೆ ಸಾಕು.

ಎಂಟನೆಯ ಹೆಜ್ಜೆ: ಕಲಿಕೆ

ಕುರ್ಚಿ ಬರುವ ಮೊದಲೇ ಕಲಿಕೆ ಆರಂಭವಾಗಬಹುದು. ಆರಿಸಿದ ಸ್ವಿಚ್ಚನ್ನು ಕಂಪ್ಯೂಟರ್‌ಗೆ ಜೋಡಿಸಿ ಸರಳ ಆಟಗಳನ್ನು ಆಡಿಸಿ. ಮೈಕ್ರೊಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ಗೆ ಇಂಥ 3.5 ಮಿಲಿಮೀಟರ್ ಸ್ವಿಚ್‌ಗಳನ್ನು ನೇರವಾಗಿ ಚುಚ್ಚಬಹುದು. ಒತ್ತುವುದಕ್ಕಿಂತ ಬಿಡುವುದಕ್ಕೆ ಅಂಕ ಸಿಗುವ ಆಟಗಳನ್ನೇ ಆರಿಸಿ.

ಕುರ್ಚಿ ಬಂದ ಮೇಲೆ ವಿಶಾಲವಾದ ಖಾಲಿ ಜಾಗದಲ್ಲಿ ಮುಂದೆ-ನಿಲುಗಡೆ ಎರಡನ್ನೇ ಕೆಲವು ದಿನ ಮಾಡಿಸಿ. ನಂತರ ಇದ್ದಲ್ಲಿಯೇ ತಿರುಗುವುದು, ಆಮೇಲೆ ಎರಡು ರಟ್ಟಿನ ಪೆಟ್ಟಿಗೆಗಳ ನಡುವೆ ಹಾಯುವುದು, ಪೆಟ್ಟಿಗೆಗಳನ್ನು ಹತ್ತಿರ ಹತ್ತಿರ ತರುತ್ತ ಬಾಗಿಲಿನ ಅಗಲಕ್ಕೆ ಇಳಿಸುವುದು, ಕೊನೆಗೆ ನಿಜವಾದ ಬಾಗಿಲು. ಕಲಿಸುವವರು ‘ಎಡಕ್ಕೆ, ಇನ್ನೂ ಎಡಕ್ಕೆ, ನಿಲ್ಲು ನಿಲ್ಲು’ ಎಂದು ಸುರಿಮಳೆಗೈಯುವುದು ನೆರವಲ್ಲ. ಪೆಟ್ಟಿಗೆಗೆ ತಾಗಲಿ, ಕಲಿಯಲಿ. ರಟ್ಟು ಇರುವುದೇ ಅದಕ್ಕೆ. ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದ ವೀಲ್‌ಚೇರ್ ಸ್ಕಿಲ್ಸ್ ಪ್ರೋಗ್ರಾಂನ ಕೈಪಿಡಿ ಉಚಿತವಾಗಿ ಸಿಗುತ್ತದೆ, ವಿದ್ಯುತ್ ಕುರ್ಚಿಯ ಕೌಶಲಗಳನ್ನು ಒಂದೊಂದಾಗಿ ಹೇಗೆ ಪರೀಕ್ಷಿಸಬೇಕೆಂದು ಅದರಲ್ಲಿದೆ.

ಮಕ್ಕಳ ವಿಷಯದಲ್ಲಿ ‘ಇನ್ನೂ ಚಿಕ್ಕವನು’ ಎಂದು ತಡೆಯಬೇಡಿ. ಸ್ವೀಡನ್ನಿನ ಥೆರಪಿಸ್ಟ್ ಲಿಸ್ಬೆತ್ ನಿಲ್ಸನ್ ಬೆಳೆಸಿದ ವಿಧಾನದಲ್ಲಿ ತೀವ್ರ ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ಕುರ್ಚಿಯೇ ಕಲಿಕೆಯ ಸಾಧನವಾಗುತ್ತದೆ. ತಾನು ಒತ್ತಿದ್ದರಿಂದ ಜಗತ್ತು ಕದಲಿತು ಎಂಬ ಅರಿವು ಮೊದಲು ಬರುತ್ತದೆ, ದಿಕ್ಕು ಆಮೇಲೆ ಬರುತ್ತದೆ.

ಒಂಬತ್ತನೆಯ ಹೆಜ್ಜೆ: ದಿನನಿತ್ಯದ ಕಾಳಜಿ

ಸಾಮಾನ್ಯವಾಗಿ ಕುರ್ಚಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳು ಸೇರಿ 24 ವೋಲ್ಟ್ ಆಗುತ್ತವೆ. ಸೀಸದ ಬ್ಯಾಟರಿಯಾದರೆ ಪ್ರತಿ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಖಾಲಿಯಾಗಿ ದಿನಗಟ್ಟಲೆ ಬಿಡಬೇಡಿ. ಸಾಧನದ ಕೇಬಲ್‌ಗಳು ಆಸನ ವಾಲುವಾಗ ಕೀಲುಗಳ ನಡುವೆ ಸಿಕ್ಕಿ ಜಜ್ಜಿಹೋಗುತ್ತಿವೆಯೇ ಎಂದು ವಾರಕ್ಕೊಮ್ಮೆ ನೋಡಿ. ಸಾಧನ ಹಿಡಿದಿರುವ ತೋಳಿನ ತಿರುಪುಗಳು ನಿಧಾನವಾಗಿ ಸಡಿಲಗೊಳ್ಳುತ್ತವೆ. ಎಲ್ಲ ಸರಿಯಾಗಿದ್ದ ದಿನವೇ ಪ್ರತಿ ಕೀಲಿನ ಮೇಲೂ ಬಣ್ಣದ ಗೆರೆ ಎಳೆದಿಟ್ಟು, ನಾಲ್ಕು ಬದಿಯಿಂದ ಫೋಟೊ ತೆಗೆದಿಟ್ಟುಕೊಂಡರೆ ಯಾರು ಬೇಕಾದರೂ ಮೊದಲಿನಂತೆ ಕೂರಿಸಬಹುದು. ಸಹಾಯಕರು ಬದಲಾಗುವ ಮನೆಯಲ್ಲಿ ಈ ಗೆರೆಗಳು ಉಳಿಸುವ ಸಂಕಟ ಸಣ್ಣದಲ್ಲ.

ಎಲೆಕ್ಟ್ರಾನಿಕ್ಸ್ ಬಲ್ಲವರು ಸ್ವಿಚ್‌ಗಳನ್ನು, ಹಿಡಿಕೆಗಳನ್ನು, ಅವುಗಳನ್ನು ಕೂರಿಸುವ ತೋಳುಗಳನ್ನು ಮನೆಯಲ್ಲೇ ತಯಾರಿಸಬಹುದು, ತಯಾರಿಸಲಿ ಕೂಡ. ಆದರೆ ಮೋಟಾರಿನ ತಂತಿಗಳಿಗೆ, ನಿಯಂತ್ರಕದ ಒಳಗಿನ ಮಂಡಲಕ್ಕೆ ಸ್ವಂತ ಬೋರ್ಡ್ ಜೋಡಿಸಬಾರದು. ಜೋಡಣೆ ಏನಿದ್ದರೂ ತಯಾರಕರೇ ಕೊಟ್ಟಿರುವ ಸ್ವಿಚ್ ಇಂಟರ್‌ಫೇಸ್‌ನ ಮೂಲಕವೇ ಆಗಲಿ. ಆಗ ಬೋರ್ಡ್ ಕೆಟ್ಟರೂ ಕುರ್ಚಿಯ ಸುರಕ್ಷತಾ ವ್ಯವಸ್ಥೆ ಉಳಿದಿರುತ್ತದೆ.

ಕೊನೆಯದಾಗಿ, ಮೋಟಾರಿನಿಂದ ಗಾಲಿಯನ್ನು ಬಿಡಿಸುವ ಲಿವರ್‌ಗಳು ಎಲ್ಲಿವೆ ಎಂದು ಎಲ್ಲರಿಗೂ ತೋರಿಸಿಡಿ. ಬ್ಯಾಟರಿ ಸತ್ತಾಗ ಅವುಗಳನ್ನು ತಿರುಗಿಸಿ ಕುರ್ಚಿಯನ್ನು ತಳ್ಳಬಹುದು, ಆದರೆ ಆಗ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ ಒಬ್ಬರು ಹಿಡಿದುಕೊಳ್ಳದೆ ಅವುಗಳನ್ನು ಮುಟ್ಟಬಾರದೆಂದು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು, ಕುರ್ಚಿಯ ಬೆನ್ನಿಗೆ, ತಳ್ಳುವವರ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ.